ಎರಡು ಬೆಳ್ಳಿ ನಾಣ್ಯಗಳು ಮತ್ತು ಒಂದು ದಾರಿ

ವೈದ್ಯಕೀಯ ವೆಚ್ಚದ ಮರುಪಾವತಿ ಕಡತಗಳನ್ನು ಪರಿಶೀಲಿಸುವುದು ಕೆಲವು ವರ್ಷ ನನ್ನ ಕೆಲಸವಾಗಿತ್ತು. ಶಸ್ತ್ರಚಿಕಿತ್ಸೆಗೆ, ಹಾಸಿಗೆಗೆ, ಔಷಧಕ್ಕೆ ಅಲ್ಲಿ ಪ್ರತ್ಯೇಕ ಕಲಮುಗಳಿದ್ದವು. ಕಾಯಿಲೆ ಬಾರದಂತೆ ಕಾದ ಶುದ್ಧ ನೀರಿಗೆ, ಹೊತ್ತಿನ ಊಟಕ್ಕೆ ಯಾವ ಕಲಮೂ ಇರಲಿಲ್ಲ. ಇಂಥದೇ ಕೊರತೆಯನ್ನು ಕಳೆದ ಶತಮಾನದ ಅರವತ್ತರ ದಶಕದಲ್ಲಿ ಕ್ರೈಸ್ತ ವೈದ್ಯಕೀಯ ಸೇವೆ ತನ್ನದೇ ಲೆಕ್ಕಪುಸ್ತಕದಲ್ಲಿ ಗುರುತಿಸಿಕೊಂಡಿತು. ಅದನ್ನು ದೇವಶಾಸ್ತ್ರದ ಪ್ರಶ್ನೆಯಾಗಿಯೂ ಎತ್ತಿಕೊಂಡಿತು.

ಮಿಷನ್ ವೈದ್ಯಕೀಯದ ಹಿಂದಿದ್ದ ಆದರ್ಶ ಲೂಕನ ಸುವಾರ್ತೆಯ ಸಮಾರ್ಯದವನದು. ದರೋಡೆಗೊಳಗಾಗಿ ದಾರಿಯಲ್ಲಿ ಬಿದ್ದಿದ್ದವನ ಗಾಯಕ್ಕೆ ಎಣ್ಣೆ ಹಚ್ಚಿ, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಆರೈಕೆ ಮಾಡಿಸಿದವನು ಅವನು. ಐಡಾ ಸ್ಕಡರ್ 1900ರಲ್ಲಿ ವೆಲ್ಲೂರಿನಲ್ಲಿ ಆರಂಭಿಸಿದ ಚಿಕಿತ್ಸಾಲಯ, 1918ರಲ್ಲಿ ಸ್ಥಾಪಿಸಿದ ಮಹಿಳಾ ವೈದ್ಯಕೀಯ ಶಾಲೆ ಈ ಕರುಣೆಯ ಫಲಗಳೇ. ಆದರೆ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಛತ್ರದ ಖರ್ಚು ಬೆಳೆದಿತ್ತು. ಯಂತ್ರಗಳು, ತಜ್ಞರು, ಕಟ್ಟಡಗಳು ಹಣ ಬೇಡಿದವು. ಹಣಕ್ಕಾಗಿ ಶುಲ್ಕ ಬಂತು. ಶುಲ್ಕ ಕೊಡಲಾಗದವನು ಬಾಗಿಲ ಹೊರಗೆ ಉಳಿದ. ಜೊತೆಗೆ ಇನ್ನೊಂದು ಮುಜುಗರದ ಪ್ರಶ್ನೆಯೂ ಇತ್ತು: ಚಿಕಿತ್ಸೆ ತಾನೇ ಸೇವೆಯೋ, ಮತಪ್ರಚಾರಕ್ಕೆ ಹಾಸಿದ ಮೆಟ್ಟಿಲೋ?

1964ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಚರ್ಚುಗಳ ವಿಶ್ವ ಮಂಡಳಿ ಮತ್ತು ಲೂಥರನ್ ವಿಶ್ವ ಒಕ್ಕೂಟ ಕರೆದ ಸಮಾಲೋಚನೆ ಈ ಪ್ರಶ್ನೆಗಳನ್ನು ಎದುರಿಸಿತು. ಗುಣಪಡಿಸುವ ಹೊಣೆ ವೈದ್ಯರೊಬ್ಬರದಲ್ಲ, ಇಡೀ ಸಭೆಯದು ಎಂಬುದು ಅಲ್ಲಿ ಮೂಡಿದ ನಿಲುವು. ಇದಕ್ಕೆ ಶಾಸ್ತ್ರದ ಆಧಾರವೂ ಇದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ರಕ್ಷಿಸು’, ‘ಗುಣಪಡಿಸು’ ಎಂಬ ಎರಡೂ ಅರ್ಥಗಳಿಗೆ ಒಂದೇ ಕ್ರಿಯಾಪದ ಬಳಕೆಯಾಗಿದೆ. ದೇಹ ಒಂದು ಕಡೆ, ಆತ್ಮ ಇನ್ನೊಂದು ಕಡೆ ಎಂಬ ಹಂಚಿಕೆ ಆ ಭಾಷೆಗೇ ಒಗ್ಗುವುದಿಲ್ಲ. ಈ ಚಿಂತನೆಯನ್ನು ಮುಂದುವರಿಸಲು 1968ರಲ್ಲಿ ಜಿನೀವಾದಲ್ಲಿ ಕ್ರಿಶ್ಚಿಯನ್ ಮೆಡಿಕಲ್ ಕಮಿಷನ್ ರೂಪುಗೊಂಡಿತು. ಅದರ ನಿರ್ದೇಶಕ ಜೇಮ್ಸ್ ಮ್ಯಾಕ್‌ಗಿಲ್‌ವ್ರೇ ಹಿಂದೆ ವೆಲ್ಲೂರಿನ ಆಸ್ಪತ್ರೆಯ ಆಡಳಿತದಲ್ಲಿ ದುಡಿದವರು.

ಸಿದ್ಧಾಂತದ ಪರೀಕ್ಷೆ ನಡೆದ ಸ್ಥಳಗಳಲ್ಲೊಂದು ಮಹಾರಾಷ್ಟ್ರದ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಬರಪೀಡಿತ ಊರು ಜಾಮ್‌ಖೇಡ್. ವೆಲ್ಲೂರಿನಲ್ಲಿ ಓದಿದ ರಜನಿಕಾಂತ್ ಮತ್ತು ಮೇಬಲ್ ಆರೋಳೆ ದಂಪತಿ 1970ರಲ್ಲಿ ಅಲ್ಲಿ ನೆಲೆಸಿದರು. ಹಳ್ಳಿಗಳಿಗೆ ತರಬೇತಾದ ದಾದಿಯರನ್ನು ಕಳುಹಿಸಿದಾಗ ಜನರ ವಿಶ್ವಾಸ ದೊರೆಯಲಿಲ್ಲ. ಬಳಿಕ ಹಳ್ಳಿಯವರೇ ಆರಿಸಿದ ಮಹಿಳೆಯರನ್ನು ಗ್ರಾಮ ಆರೋಗ್ಯ ಕಾರ್ಯಕರ್ತೆಯರಾಗಿ ತಯಾರು ಮಾಡಿದರು. ಅವರಲ್ಲಿ ಅನೇಕರು ಅನಕ್ಷರಸ್ಥರು, ಹಲವರು ದಲಿತರು. ಬರದ ದಿನಗಳಲ್ಲಿ ಕೈಪಂಪುಗಳನ್ನು ದಲಿತ ಕೇರಿಗಳಲ್ಲಿ ಹಾಕಿಸಿದ್ದರಿಂದ ಮೇಲ್ಜಾತಿಯವರೂ ನೀರಿಗಾಗಿ ಅಲ್ಲಿಗೇ ಬರಬೇಕಾಯಿತು. ನೀರು ಹೊಟ್ಟೆಯ ಬೇನೆಗಷ್ಟೇ ಅಲ್ಲ, ಅಸ್ಪೃಶ್ಯತೆಗೂ ಮದ್ದಾಗಬಹುದೆಂಬ ಎಣಿಕೆ ಅದರಲ್ಲಿತ್ತು.

ಜಿನೀವಾದಲ್ಲಿ ಕಮಿಷನ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ನೆರೆಹೊರೆಯವು. ಹಾಫ್‌ಡನ್ ಮಾಲರ್ 1973ರಲ್ಲಿ ಸಂಸ್ಥೆಯ ಮಹಾನಿರ್ದೇಶಕರಾದ ಮೇಲೆ ಮಾತುಕತೆ ಗಾಢವಾಯಿತು. ಜನರಿಂದಲೇ ನಡೆಯುವ ಆರೋಗ್ಯ ಕಾರ್ಯದ ಬಗ್ಗೆ ಸಂಸ್ಥೆ 1975ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜಾಮ್‌ಖೇಡ್‌ಗೆ ಒಂದು ಅಧ್ಯಾಯವೇ ದೊರೆಯಿತು. 1978ರ ಸೆಪ್ಟೆಂಬರಿನಲ್ಲಿ ಅಲ್ಮಾ ಅಟಾ ಘೋಷಣೆ ಪ್ರಾಥಮಿಕ ಆರೋಗ್ಯ ಸೇವೆಯನ್ನು ಜಗತ್ತಿನ ಗುರಿಯಾಗಿಸಿತು. ಆ ಘೋಷಣೆಯಲ್ಲಿ ದೇವರ ಹೆಸರಿಲ್ಲ. ಆದರೆ ಅದಕ್ಕೆ ಹರಿದುಬಂದ ಹೊಳೆಗಳಲ್ಲಿ ಒಂದರ ಉಗಮ ಟ್ಯೂಬಿಂಗನ್ನಿನ ಚರ್ಚೆ.

ಇಲ್ಲೊಂದು ತೊಡಕನ್ನು ಮರೆಮಾಚಬಾರದು. ಟ್ಯೂಬಿಂಗನ್ನಿನವರು ‘ಸಭೆ’ ಎಂದಾಗ ಮನಸ್ಸಿನಲ್ಲಿದ್ದದ್ದು ವಿಶ್ವಾಸಿಗಳ ಸಮುದಾಯ. ಜಾಮ್‌ಖೇಡ್‌ನ ಹಳ್ಳಿಗಳಲ್ಲಿ ಅಂಥ ಸಮುದಾಯ ಇರಲೇ ಇಲ್ಲ. ಗುಣಪಡಿಸುವ ಸಭೆಯ ಜಾಗಕ್ಕೆ ಅಲ್ಲಿ ಊರೇ ಬಂತು, ಅದರ ರೈತ ಮಂಡಲಗಳು, ಮಹಿಳಾ ಮಂಡಲಗಳು ಬಂದವು. ಧರ್ಮದ ತಿರುಳು ತೆಳುವಾಯಿತೆಂದು ಮರುಗಿದವರಿರಬಹುದು. ನನಗೆ ಹಾಗೆನ್ನಿಸುವುದಿಲ್ಲ. ತನ್ನ ಪಾಲಿನ ಮತಾಂತರಕ್ಕೆ ಲೆಕ್ಕ ಕೇಳದೆ ದುಡಿದಾಗಲೇ ಆ ಸೇವೆ ಮೆಟ್ಟಿಲೆಂಬ ಅನುಮಾನದಿಂದ ಪಾರಾಯಿತು.

ಮುಂದಿನ ಕಥೆ ಅಷ್ಟು ಸರಳವಲ್ಲ. 1979ರ ಹೊತ್ತಿಗೇ, ಎಲ್ಲವನ್ನೂ ಒಮ್ಮೆಲೇ ಮಾಡುವುದು ದುಬಾರಿ, ಆಯ್ದ ಕೆಲವು ರೋಗಗಳಿಗೆ ಅಗ್ಗದ ಉಪಾಯಗಳು ಸಾಕು ಎಂಬ ವಾದ ಬಲಗೊಂಡಿತು. ಲಸಿಕೆಯನ್ನು ಎಣಿಸಬಹುದು, ಕೇರಿಯ ಕೈಪಂಪಿನ ಬಳಿ ಕರಗಿದ ಭಯವನ್ನು ಎಣಿಸುವುದು ಕಷ್ಟ. ನಮ್ಮಲ್ಲಿ 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯಲ್ಲಿ ಜಾಮ್‌ಖೇಡ್‌ನ ಮಹಿಳೆಯ ಛಾಯೆ ಕಾಣುತ್ತದೆ. ಆದರೆ ಆ ಮಹಿಳೆಗೆ ಊರು ಕೊಟ್ಟಿದ್ದ ಅಧಿಕಾರ ಇವಳಿಗೆ ಎಲ್ಲೆಡೆ ಸಿಕ್ಕಿದೆಯೆನ್ನಲಾರೆ.

ಛತ್ರ ಬೇಡವೆಂದು ಆರೋಳೆ ದಂಪತಿಯೂ ಹೇಳಲಿಲ್ಲ; ಜಾಮ್‌ಖೇಡ್‌ನಲ್ಲೂ ಆಸ್ಪತ್ರೆಯಿದೆ. ಬಿದ್ದವನಿಗಾಗಿ ಎರಡು ನಾಣ್ಯ ಕೊಡುವವರು ಇರಲೇಬೇಕು. ಆದರೆ ನಾಳೆಯೂ ಅದೇ ದಾರಿಯಲ್ಲಿ ಇನ್ನೊಬ್ಬ ಬೀಳುತ್ತಾನಾದರೆ, ದಾರಿಯನ್ನು ಸರಿಪಡಿಸುವುದು ಯಾರ ಕೆಲಸ, ಆ ಖರ್ಚನ್ನು ಯಾವ ಕಲಮಿನಲ್ಲಿ ಬರೆಯಬೇಕು? ಕಡತಗಳ ನಡುವೆ ಕೂತಾಗ ಈ ಪ್ರಶ್ನೆ ನನಗೆ ಈಗಲೂ ನೆನಪಾಗುತ್ತದೆ.