ಒಳಪೊರೆ ನುಡಿಯುವ ಸಾಕ್ಷಿ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನಲವತ್ತರ ಆಸುಪಾಸಿನ ಹೆಂಗಸರು ‘ಗರ್ಭಕೋಶ ತೆಗೆಸಿದ್ದಾಯ್ತು’ ಎಂದು ಹಲ್ಲು ಕೀಳಿಸಿದಷ್ಟೇ ಸಲೀಸಾಗಿ ಹೇಳುವುದುಂಟು. ಕಡೂರು ತಾಲ್ಲೂಕಿನ ಬೀರೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನೂರಾರು ಬಡ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಲಾಯಿತೆಂಬ ಆರೋಪ 2010ರ ದಶಕದಲ್ಲಿ ಸುದ್ದಿಯಾಯಿತು. ಕಲಬುರಗಿ, ರಾಣೆಬೆನ್ನೂರುಗಳಿಂದಲೂ ಇಂಥದೇ ದೂರುಗಳು ಬಂದವು. ದೂರಿದವರಲ್ಲಿ ಲಂಬಾಣಿ ತಾಂಡಾಗಳ ಹೆಂಗಸರು ಬಹಳ. ಅತಿಯಾದ ಮುಟ್ಟು, ಹೊಟ್ಟೆನೋವು, ಬಿಳಿ ಸೆರಗು ಎಂದು ಹೋದವರಿಗೆ ‘ಬಿಟ್ಟರೆ ಕ್ಯಾನ್ಸರ್ ಆದೀತು’ ಎಂಬ ಹೆದರಿಕೆ!

ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳಬಲ್ಲದ್ದು ಗರ್ಭಕೋಶದ ಒಳಪೊರೆಯ ಚೂರು. ಅದನ್ನು ಓದಲು ವೈದ್ಯಲೋಕ ಕಲಿತ ಬಗೆ ಸ್ವಾರಸ್ಯವಾಗಿದೆ.

1840ರ ದಶಕದಲ್ಲಿ ಪ್ಯಾರಿಸ್ಸಿನ ರೆಕಾಮಿಯೇ ಎಂಬ ವೈದ್ಯ ಚಮಚದಂಥ ಸಲಕರಣೆಯಿಂದ ಒಳಪೊರೆಯನ್ನು ಕೆರೆದು ರಕ್ತಸ್ರಾವಕ್ಕೆ ಚಿಕಿತ್ಸೆ ಮಾಡತೊಡಗಿದ. ನಮ್ಮ ಹೆಂಗಸರು ‘ಕ್ಲೀನ್ ಮಾಡಿಸುವುದು’ ಎನ್ನುವ ಡಿ ಅಂಡ್ ಸಿಯ ಮೂಲ ಅದೇ. ಕೆರೆದದ್ದನ್ನು ಸೂಕ್ಷ್ಮದರ್ಶಕದಡಿ ಇಟ್ಟು ರೋಗ ಗುರುತಿಸುವ ಪದ್ಧತಿಯನ್ನು 1870ರ ದಶಕದಲ್ಲಿ ಬರ್ಲಿನ್ನಿನ ಕಾರ್ಲ್ ರೂಗೆ ಬೆಳೆಸಿದ. ಗೊಂದಲ ಶುರುವಾದದ್ದು ಆಮೇಲೆ. ಒಬ್ಬಾಕೆಯ ಪೊರೆ ತೆಳುವಾಗಿ ಕಂಡರೆ ಇನ್ನೊಬ್ಬಾಕೆಯದು ದಪ್ಪ; ಒಬ್ಬಳಲ್ಲಿ ಗ್ರಂಥಿಗಳು ನೆಟ್ಟಗಿದ್ದರೆ ಇನ್ನೊಬ್ಬಳಲ್ಲಿ ಸುರುಳಿ. ವೈದ್ಯರು ಇವಕ್ಕೆಲ್ಲ ಬಗೆಬಗೆಯ ಉರಿಯೂತದ ಹೆಸರಿಟ್ಟರು.

1908ರಲ್ಲಿ ವಿಯೆನ್ನಾದ ಹಿಟ್ಷ್‌ಮನ್ ಮತ್ತು ಆಡ್ಲರ್ ಎಂಬಿಬ್ಬರು ಬಲು ಸರಳವಾದ ಪ್ರಶ್ನೆ ಕೇಳಿಕೊಂಡರು: ಚೂರು ತೆಗೆದದ್ದು ಮುಟ್ಟಾದ ಎಷ್ಟನೆಯ ದಿನ? 58 ಹೆಂಗಸರ ಪೊರೆಯನ್ನು ದಿನದ ಲೆಕ್ಕದೊಂದಿಗೆ ಹೋಲಿಸಿದಾಗ ‘ರೋಗ’ಗಳಲ್ಲಿ ಅನೇಕವು ಮಾಯವಾದವು. ಪೊರೆ ತಿಂಗಳುದ್ದಕ್ಕೂ ಬೆಳೆದು, ಮಾರ್ಪಟ್ಟು, ಕಳಚುತ್ತದೆ. ದಶಕಗಳ ಕಾಲ ಬೇನೆಯೆಂದು ಕರೆದದ್ದು ಬರಿಯ ಪಂಚಾಂಗ! 1950ರಲ್ಲಿ ಅಮೆರಿಕದ ನೋಯ್ಸ್, ಹರ್ಟಿಗ್, ರಾಕ್ ಅವರು ಪೊರೆ ನೋಡಿಯೇ ದಿನ ಹೇಳುವ ಕ್ರಮವನ್ನೂ ರೂಪಿಸಿದರು.

ಅತಿಸ್ರಾವವೆಂದು ಬರುವ ಅನೇಕರಲ್ಲಿ ಇಂದಿಗೂ ಕಾಣುವುದು ಇದೇ ಸಹಜ ಪೊರೆ. ಅವರ ಸ್ರಾವಕ್ಕೆ ಹಾರ್ಮೋನಿನ ಏರುಪೇರು, ಥೈರಾಯ್ಡ್, ಗಡ್ಡೆ, ಕಾಪರ್-ಟಿ ಮುಂತಾಗಿ ಬೇರೆ ಕಾರಣ ಹುಡುಕಬೇಕು. ಕೆಲವರಲ್ಲಿ ಪಾಲಿಪ್, ನಮ್ಮ ದೇಶದಲ್ಲಿ ಒಮ್ಮೊಮ್ಮೆ ಕ್ಷಯವೂ ಸಿಗುತ್ತದೆ. ಪೊರೆ ಮಿತಿಮೀರಿ ದಪ್ಪವಾಗುವುದನ್ನು ಹೈಪರ್‌ಪ್ಲೇಸಿಯ ಎನ್ನುತ್ತಾರೆ. ಅಲ್ಲಿ ಜೀವಕೋಶಗಳ ರೂಪ ಕೆಟ್ಟಿದೆಯೇ ಎಂಬುದೇ ಮುಖ್ಯ. ಅಮೆರಿಕದ ಕರ್ಮನ್ ಮತ್ತು ಸಂಗಡಿಗರು 170 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 1985ರಲ್ಲಿ ಪ್ರಕಟಿಸಿದಂತೆ, ಕೋಶ ಕೆಡದ ಸರಳ ಬಗೆ ಕ್ಯಾನ್ಸರಿಗೆ ತಿರುಗಿದ್ದು ಶೇ. 1ರಲ್ಲಿ, ಕೋಶ ಕೆಟ್ಟ ಸಂಕೀರ್ಣ ಬಗೆ, ಶೇ. 29ರಲ್ಲಿ. ಮೊದಲನೆಯದಕ್ಕೆ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಔಷಧಿ ಸಾಕಾಗುತ್ತದೆ. ಎರಡನೆಯದಕ್ಕೆ ಗರ್ಭಕೋಶ ತೆಗೆಯುವುದೇ ಉಚಿತವೆನ್ನುತ್ತಾರೆ. ಕತ್ತಿ ಹಿಡಿಯುವ ಮೊದಲು ಚೂರು ನೋಡಬೇಕೆನ್ನುವುದು ಇದಕ್ಕೇ. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳು, ಮೂಳೆಸವೆತ ಬೇಗ ಬರುತ್ತವೆ. ಕೂಲಿಯ ಮೈಗೆ ಅದು ಸಣ್ಣ ಪೆಟ್ಟಲ್ಲ.

ಅನಗತ್ಯ ಶಸ್ತ್ರಚಿಕಿತ್ಸೆ ತಡೆಯಲು ಕೇಂದ್ರ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಈಗ ಪರೀಕ್ಷೆ ಸುಲಭ. ತೆಳುವಾದ ಪ್ಲಾಸ್ಟಿಕ್ ಕೊಳವೆಯಿಂದ, ಮತ್ತು ಬರಿಸದೆಯೇ, ನಿಮಿಷಗಳಲ್ಲಿ ಚೂರು ತೆಗೆಯಬಹುದು. ಅದು ಫಾರ್ಮಲಿನ್ ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಹೋಗಿ ವರದಿ ಬರಲು ಕೆಲವು ದಿನ ಬೇಕು. ಅಜ್ಜಂಪುರದ ಕಡೆಯ ತಾಂಡಾದ ಹೆಂಗಸಿಗೆ ಅದೆಂದರೆ ಇನ್ನೊಂದು ಬಸ್ ಚಾರ್ಜು, ಇನ್ನೊಂದು ದಿನದ ಕೂಲಿ.