ಲೆನ್ಸು ತಂದ ಬೆಳಕು, ಸೆನ್ಸರ್ ಹಿಡಿದ ಬೆಳಕು

ಸಂಘದ ಸಭಾಂಗಣದಲ್ಲಿ ಯಕ್ಷಗಾನವೋ ನಾಟಕವೋ ನಡೆಯುವಾಗ ಫ್ಲ್ಯಾಷ್ ಹೊಡೆದು ರಸಭಂಗ ಮಾಡುವವರನ್ನು ನಾವೆಲ್ಲ ಕಂಡವರೇ. ಇದ್ದ ಬೆಳಕಿನಲ್ಲೇ ಚಿತ್ರ ತೆಗೆಯಬೇಕೆಂಬ ಹಂಬಲ ಮಾತ್ರ ಛಾಯಾಗ್ರಹಣದಷ್ಟೇ ಹಳೆಯದು. ಅದಕ್ಕೆ ಬಾಯಿ ಅಗಲವಾದ ಲೆನ್ಸು ಬೇಕು. ಲೆನ್ಸಿನ ಮೇಲೆ ಎಫ್/2, ಎಫ್/1.4 ಎಂದು ಬರೆದಿರುತ್ತದಷ್ಟೆ. ಸಂಗಮದೂರವನ್ನು ಬಾಯಿಯ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. ಸಂಖ್ಯೆ ಕಿರಿದಾದಷ್ಟೂ ಬೆಳಕು ಹೆಚ್ಚು, ಎಫ್/2ಕ್ಕಿಂತ ಎಫ್/1.4ರಲ್ಲಿ ಇಮ್ಮಡಿ.

1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ಸುಮಾರು ಎಫ್/3.6ರ ಲೆನ್ಸನ್ನು ಲೆಕ್ಕ ಹಾಕಿ ರೂಪಿಸಿದ. ಆಗ ಬಳಕೆಯಲ್ಲಿದ್ದ ಲೆನ್ಸುಗಳಿಗಿಂತ ಅದು ಹತ್ತಾರು ಪಟ್ಟು ಹೆಚ್ಚು ಬೆಳಕು ಬಿಡುತ್ತಿತ್ತು. ಆ ಲೆಕ್ಕಕ್ಕೆ ಫಿರಂಗಿ ದಳದ ಗಣಕರು ನೆರವಾದರಂತೆ. ನಮ್ಮಂಥ ಗುಮಾಸ್ತರಿಗೆ ಹೆಮ್ಮೆಯ ಸಂಗತಿ!

ಮುಂದಿನ ದೊಡ್ಡ ಹೆಜ್ಜೆ 1924ರ ಎರ್ಮಾನಾಕ್ಸ್ ಕ್ಯಾಮೆರಾ. ಲುಡ್ವಿಗ್ ಬೆರ್ಟೆಲೆ ರಚಿಸಿದ ಅದರ ಲೆನ್ಸು ಮೊದಲು ಎಫ್/2, ಆಮೇಲೆ ಎಫ್/1.8. ಇದನ್ನು ಹಿಡಿದು ಜರ್ಮನಿಯ ಎರಿಕ್ ಸಾಲೊಮನ್ ಫ್ಲ್ಯಾಷಿಲ್ಲದೆ ರಾಜತಾಂತ್ರಿಕರ ಸಭೆಗಳಿಗೆ ನುಗ್ಗಿದರು. 1928ರಲ್ಲಿ ಕ್ಯಾಮೆರಾವನ್ನು ಟೋಪಿಯಲ್ಲಡಗಿಸಿ ನ್ಯಾಯಾಲಯದೊಳಕ್ಕೂ ಒಯ್ದರು. ಮಂತ್ರಿಗಳು ಆಕಳಿಸುವುದನ್ನು, ತೂಕಡಿಸುವುದನ್ನು ಜನ ಪತ್ರಿಕೆಗಳಲ್ಲಿ ಕಂಡರು. ಯಹೂದಿಯಾಗಿದ್ದ ಸಾಲೊಮನ್ 1944ರಲ್ಲಿ ಆಶ್‌ವಿಟ್ಸ್ ಶಿಬಿರದಲ್ಲಿ ಕೊನೆಯುಸಿರೆಳೆದರು.

1975 ವಿಚಿತ್ರವಾದ ವರ್ಷ. ನಾಸಾಕ್ಕಾಗಿ ತಯಾರಾಗಿದ್ದ ಜೈಸ್ ಕಂಪನಿಯ ಎಫ್/0.7 ಲೆನ್ಸಿನಿಂದ ಸ್ಟಾನ್ಲಿ ಕುಬ್ರಿಕ್ ಮೋಂಬತ್ತಿಯ ಬೆಳಕಿನಲ್ಲಿ ದೃಶ್ಯಗಳನ್ನು ಚಿತ್ರಿಸಿದ 'ಬ್ಯಾರಿ ಲಿಂಡನ್' ತೆರೆಕಂಡದ್ದು ಆ ವರ್ಷ. ಅದೇ ವರ್ಷ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್, 100 ಸಾಲು 100 ಕಂಬದ ಸೆನ್ಸರ್ ಇಟ್ಟು ಫಿಲ್ಮಿಲ್ಲದ ಕ್ಯಾಮೆರಾ ಕಟ್ಟಿದರು. ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು! ವೇಗದ ಲೆನ್ಸಿನ ವಂಶಕ್ಕೂ ಈ ಕೂಸಿಗೂ ಮುಂದೆ ಹೊಂದಾಣಿಕೆಯ ತೊಡಕು ಬಂದೀತೆಂದು ಆಗ ಯಾರೂ ತಲೆ ಕೆಡಿಸಿಕೊಂಡಿರಲಾರರು.

ತೊಡಕು ಇಷ್ಟೆ. ಫಿಲ್ಮಿನ ಬೆಳ್ಳಿಯ ಕಣಗಳು ತೆಳುವಾದ ಲೇಪದಲ್ಲಿ ಹರಡಿರುತ್ತವೆ. ಬೆಳಕು ನೇರ ಬರಲಿ, ಓರೆಯಾಗಿ ಬರಲಿ, ಸ್ವೀಕರಿಸುತ್ತವೆ. ಹಳೆಯ ಮಾದರಿಯ ಡಿಜಿಟಲ್ ಸೆನ್ಸರಿನಲ್ಲಾದರೋ ಬೆಳಕು ಹಿಡಿಯುವ ಭಾಗ ತಂತಿಗಳ ಪದರದ ಕೆಳಗಿತ್ತು, ಕಿರಿದಾದ ಬಾವಿಯ ತಳದಂತೆ. ಬಾವಿಯ ತಳಕ್ಕೆ ನಡುಹಗಲಿನ ಬಿಸಿಲು ಇಳಿಯುತ್ತದೆ, ಸಂಜೆಯದು ಗೋಡೆಗೆ ಬಡಿಯುತ್ತದೆ. ಎಫ್/4ರಲ್ಲಿ ಅಂಚಿನ ಕಿರಣದ ಓರೆ ಸುಮಾರು 7 ಡಿಗ್ರಿ, ಎಫ್/1.4ರಲ್ಲಿ 21; ಎಫ್/0.95ರಲ್ಲಿ 30ಕ್ಕೂ ಮಿಕ್ಕಿ. ಅಂದರೆ, ಹೆಚ್ಚು ಹಣ ಕೊಟ್ಟು ಕೊಂಡ ಆ ಅಗಲದ ಅಂಚಿನಿಂದ ಬರುವ ಬೆಳಕೇ ಹೆಚ್ಚು ಪೋಲಾಗುವುದು.

ಬಾವಿಯ ಬಾಯಿಗೆ ಪುಟ್ಟ ಲೆನ್ಸು ಕೂರಿಸಿದ್ದರೂ ಪೂರ್ತಿ ಪರಿಹಾರವಾಗಲಿಲ್ಲ. 2006ರ ಲೈಕಾ ಎಂ8ರಲ್ಲಿ ಅಂಚಿನ ಪುಟ್ಟ ಲೆನ್ಸುಗಳನ್ನು ನಡುವಿನತ್ತ ಸರಿಸಿ ಕೂರಿಸಬೇಕಾಯಿತು. 2010ರಲ್ಲಿ ಫ್ರಾನ್ಸಿನ ಡಿಎಕ್ಸ್‌ಒ ಸಂಸ್ಥೆಯ ಅಳತೆಗಳು ಇನ್ನೊಂದು ಗುಟ್ಟು ಹೊರಗೆಡಹಿದವು. ಅಗಲ ಬಾಯಿಯ ಲೆನ್ಸು ಹಾಕಿದಾಗ ಕೆಲವು ಕ್ಯಾಮೆರಾಗಳು ಈ ನಷ್ಟವನ್ನು ಮರೆಮಾಚಲು ಒಳಗೊಳಗೇ ಸಂಕೇತವನ್ನು ವರ್ಧಿಸುತ್ತಿದ್ದವು. ಪರದೆಯ ಮೇಲೆ ತೋರುವ ಐಎಸ್‌ಒ ಮಾತ್ರ ಬದಲಾಗುತ್ತಿರಲಿಲ್ಲ. ಖೋತಾ ಬಿದ್ದದ್ದನ್ನು ಬೇರೆ ಬಾಬಿನಿಂದ ತುಂಬಿ ರಿಜಿಸ್ಟರಿನಲ್ಲಿ ಕಾಣಿಸದಿದ್ದಂತೆ. ನಮ್ಮ ಕಚೇರಿಗಳಲ್ಲಾದರೆ ಆಡಿಟ್ ಆಕ್ಷೇಪಣೆ ಖಂಡಿತ.

ಮುಖ್ಯ ಪರಿಹಾರ ಸೆನ್ಸರನ್ನೇ ಮಗುಚಿ ಹಾಕುವುದು: ತಂತಿಗಳು ಕೆಳಗೆ, ಬೆಳಕು ಹಿಡಿಯುವ ಭಾಗ ಮೇಲೆ. ಸೋನಿ 2009ರಲ್ಲಿ ಇಂಥ ಚಿಕ್ಕ ಸೆನ್ಸರುಗಳನ್ನು ಮಾರುಕಟ್ಟೆಗೆ ತಂದಿತು. 2015ರಲ್ಲಿ 35 ಮಿ.ಮೀ. ಫಿಲ್ಮಿನ ಚೌಕದಷ್ಟು ದೊಡ್ಡದನ್ನೂ ತಂದಿತು. ಇಂದು ಮಕ್ಕಳ ಕೈಯಲ್ಲಿರುವ ಫೋನುಗಳಲ್ಲೂ ಇದೇ ಬಗೆ. ಅನೇಕ ಫೋನುಗಳ ಲೆನ್ಸು ಎಫ್/1.8, ಅಂದರೆ ಸಾಲೊಮನ್ನರ ಸಂಖ್ಯೆಯೇ! ಆದರೆ ಅವರ 85 ಮಿ.ಮೀ. ಲೆನ್ಸಿನ ಬಾಯಿ 47 ಮಿ.ಮೀ. ಅಗಲ, ಫೋನಿನದು ಮೂರು-ನಾಲ್ಕು ಮಿ.ಮೀ. ಒಟ್ಟು ಬೆಳಕಿನಲ್ಲಿ ನೂರು ಪಟ್ಟಿಗೂ ಮೀರಿದ ಅಂತರವಿದೆ. ಅದನ್ನು ತುಂಬುತ್ತಿರುವುದು ಲೆನ್ಸಲ್ಲ, ಸೆನ್ಸರು ಮತ್ತು ಲೆಕ್ಕಾಚಾರ.

ಅಂದಹಾಗೆ, ನಿಮ್ಮ ಕಪಾಟಿನಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾದ 50 ಮಿ.ಮೀ. ಲೆನ್ಸಿದ್ದರೆ, ನಡುವೆ ಅಡಾಪ್ಟರ್ ಬಳೆ ಸೇರಿಸಿದರೆ ಇಂದಿನ ಕನ್ನಡಿಯಿಲ್ಲದ ಕ್ಯಾಮೆರಾಗಳ ಮೇಲೆ ಅದು ಸಾಮಾನ್ಯವಾಗಿ ಕೂರುತ್ತದೆ. ಫೋಕಸನ್ನು ಕೈಯಿಂದಲೇ ತಿರುಗಿಸಿಕೊಳ್ಳಬೇಕು. ಅದಕ್ಕೆ ಮುನ್ನ ಒಳಗೆ ಟಾರ್ಚು ಬಿಟ್ಟು ನೋಡಿ. ಮುಂಬಯಿಯ ಮಳೆಗಾಲ ಕಂಡ ಲೆನ್ಸುಗಳಲ್ಲಿ ಬೂಷ್ಟು ಹಿಡಿದಿರುವುದುಂಟು.