ಹುದ್ದೆಯ ಹಿಡಿತ: ರಾಯ್‌ಸ್ಟನ್ ವೇಸಿಯ ಆಕರ್ಷಣೆ ಕುರಿತು ಒಂದು ಮರುವಿಚಾರ

‘ದಿ ಲೀಗ್ ಆಫ್ ಜೆಂಟಲ್‌ಮೆನ್’ ಧಾರಾವಾಹಿಯ ಹುಟ್ಟಿನ ಬಗ್ಗೆ ವಿವಾದವಿಲ್ಲ. ಮಾರ್ಕ್ ಗೇಟಿಸ್, ಸ್ಟೀವ್ ಪೆಂಬರ್ಟನ್, ರೀಸ್ ಶಿಯರ್‌ಸ್ಮಿತ್, ಜೆರೆಮಿ ಡೈಸನ್ ಕಟ್ಟಿದ ರಂಗಪ್ರಹಸನಗಳಿಗೆ 1997ರಲ್ಲಿ ಎಡಿನ್‌ಬರೋದ ಪೆರಿಯರ್ ಪ್ರಶಸ್ತಿ ಬಂತು. ಅದೇ ವರ್ಷ ಅವು ಬಿಬಿಸಿ ರೇಡಿಯೊಗೂ, 1999ರ ಜನವರಿಯಲ್ಲಿ ಬಿಬಿಸಿ ಟೂ ವಾಹಿನಿಗೂ ಬಂದವು. ಡರ್ಬಿಶೈರಿನ ಹ್ಯಾಡ್‌ಫೀಲ್ಡ್ ತೆರೆಯ ಮೇಲೆ ರಾಯ್‌ಸ್ಟನ್ ವೇಸಿ ಎಂಬ ಊರಾಯಿತು. ಹೆಣ್ಣು, ಗಂಡು ಎನ್ನದೆ ಬಹುಪಾಲು ಮುಖ್ಯ ಪಾತ್ರಗಳನ್ನು ಮೊದಲ ಮೂವರೇ ಧರಿಸಿದರು. ಬ್ರಿಟಿಷ್ ಭಯಾನಕ ಚಿತ್ರಗಳಿಗೆ ಈ ಕೃತಿಯ ಋಣವೂ ಒಪ್ಪಿತ ಸಂಗತಿ. ಲಿಯಾನ್ ಹಂಟ್ ಅವರ 2008ರ ಪುಸ್ತಕದ ನಂತರ ಅದನ್ನು ಮತ್ತೆ ಸಾಧಿಸಬೇಕಾಗಿಲ್ಲ.

ನನ್ನ ತಕರಾರು ಬೇರೆ. ಈ ಊರಿನ ಸೆಳೆತವನ್ನು ಸಾಮಾನ್ಯವಾಗಿ ‘ಊರವರು ಮತ್ತು ಹೊರಗಿನವರು’ ಎಂಬ ಚೌಕಟ್ಟಿನಲ್ಲಿ ವಿವರಿಸಲಾಗುತ್ತದೆ: ನಾಗರಿಕನೊಬ್ಬ ವಿಚಿತ್ರ ಜನರ ನಡುವೆ ಸಿಕ್ಕಿಬೀಳುತ್ತಾನೆ, ನಾವು ಅವನ ಕಣ್ಣಿನಿಂದ ನೋಡಿ ನಗುತ್ತೇವೆ, ಹೆದರುತ್ತೇವೆ. ಟಬ್ಸ್ ಮತ್ತು ಎಡ್ವರ್ಡ್ ಅವರ ಅಂಗಡಿಯೇ ಇದಕ್ಕೆ ಆಧಾರ. ಊರವರಿಗಷ್ಟೇ ಮೀಸಲೆಂದು ಅವರು ಹಟ ಹಿಡಿಯುವ ಆ ಅಂಗಡಿಗೆ ಕಾಲಿಟ್ಟ ದಾರಿಹೋಕರಿಗೆ ಉಳಿಗಾಲವಿಲ್ಲ.

ಆದರೆ ಅಂಗಡಿಯಿಂದಾಚೆಗೆ ಈ ಚೌಕಟ್ಟು ಎಷ್ಟು ದೂರ ಬರುತ್ತದೆ? ಹಿಲರಿ ಬ್ರಿಸ್‌ನ ಮಾಂಸದಂಗಡಿಯಲ್ಲಿ ‘ವಿಶೇಷ ಸರಕು’ ಕೊಂಡು, ಮೂಗಿನಿಂದ ರಕ್ತ ಸುರಿಸಿಕೊಂಡು ಸಾಯುವವರು ಊರವರೇ. ಚಿನ್ನರಿ ಪ್ರಾಣಿಗಳನ್ನು ಮನಸಾರೆ ಪ್ರೀತಿಸುವ ಪಶುವೈದ್ಯ. ಅವನು ಮುಟ್ಟಿದ ಪ್ರಾಣಿಗಳೆಲ್ಲ ಸಾಯುತ್ತವೆ, ಅವೂ ಊರಿನವೇ. ಪಾಲೀನ್ ನಿರುದ್ಯೋಗಿಗಳಿಗೆ ತರಬೇತಿ ಕೊಡುವ ಅಧಿಕಾರಿ. ಎದುರಿಗೆ ಕುಳಿತವರಿಗೆ ಕೆಲಸ ಸಿಕ್ಕರೆ ತನ್ನ ಕುರ್ಚಿಗೇ ಅರ್ಥವಿಲ್ಲ ಎಂಬಂತೆ ಅವರನ್ನು ಹೀಯಾಳಿಸುತ್ತಾಳೆ. ಮಾರದ ಅಂಗಡಿ, ಕೊಲ್ಲುವ ಚಿಕಿತ್ಸೆ, ನೌಕರಿ ಕೊಡಿಸದ ಕಚೇರಿ: ಇಲ್ಲಿನ ವಿಕಾರ ಹುಟ್ಟುವುದು ಊರಿನ ಗಡಿಯಲ್ಲಲ್ಲ, ಹುದ್ದೆಯಲ್ಲಿ. ಹುದ್ದೆಯ ಹೊರತು ಈ ಜನರಿಗೆ ತಾವು ಯಾರೆಂಬುದು ತಿಳಿಯದು. ಅವರು ನಮ್ಮನ್ನು ಹಿಡಿದಿಡುವುದು ಈ ಕಾರಣಕ್ಕೇ ಎಂಬುದು ನನ್ನ ವಾದ.

ಇದನ್ನು ಅಳತೆ ಮೀರಿ ಹೇಳಬಾರದು. ಬರೆದವರು ಇದನ್ನು ಉದ್ದೇಶಿಸಿದ್ದರೆಂದು ನಾನು ಹೇಳುತ್ತಿಲ್ಲ. ಮೊದಲ ಸರಣಿಯ ಮಟ್ಟಿಗೆ ಹಳೆಯ ಓದು ಬಹುಪಾಲು ಸರಿಯೂ ಇರಬಹುದು. ಆದರೆ ಪಾಲೀನ್‌ಳ ಜೀವನರೇಖೆ ಆ ಓದಿಗೆ ದಕ್ಕುವುದಿಲ್ಲ. ಅವಳು ಕೆಲಸ ಕಳೆದುಕೊಂಡು ತನ್ನ ಹಳೆಯ ಶಿಷ್ಯ ರಾಸ್‌ನ ಎದುರು ನಿರುದ್ಯೋಗಿಯಾಗಿ ಕೂರುತ್ತಾಳೆ, ಅವನನ್ನೇ ಅಪಹರಿಸಿ ಜೈಲಿಗೆ ಹೋಗುತ್ತಾಳೆ. 2002ರ ಮೂರನೆಯ ಸರಣಿಯಲ್ಲಿ ಪ್ರೇಕ್ಷಕರ ನಗೆಯ ಧ್ವನಿಯನ್ನು ತೆಗೆದುಹಾಕಲಾಯಿತು. ಅದರ ಮೊದಲ ಕಂತು ಅವಳದೇ. ಎಲ್ಲಿ ನಗಬೇಕೆಂದು ಸೂಚಿಸುವ ದನಿ ಇಲ್ಲದಾಗ ಅವಳ ಕ್ರೌರ್ಯದ ಹಿಂದಿನ ದಿಗಿಲು ಕಿವಿಗೆ ಬೀಳುತ್ತದೆ.

2017ರ ವಿಶೇಷ ಕಂತುಗಳು ಇನ್ನೂ ಬಲವಾದ ಸಾಕ್ಷ್ಯ. ಪಾಲೀನ್ ಮತ್ತೆ ತರಬೇತಿ ನಡೆಸುತ್ತಿದ್ದಾಳೆಂದು ನಂಬುತ್ತೇವೆ. ಅವಳಿಗೆ ಮರೆವಿನ ಕಾಯಿಲೆ, ಆ ತರಗತಿ ಅವಳಿಗಾಗಿಯೇ ಹೂಡಿದ ನಾಟಕ ಎಂಬುದು ಆಮೇಲೆ ಗೊತ್ತಾಗುತ್ತದೆ. ಅವಳು ಹಿಂದೆ ಹಿಂಸಿಸಿದ ರಾಸ್ ಮತ್ತು ಮಿಕಿ ಇಬ್ಬರೂ ಅದರಲ್ಲಿ ಪಾತ್ರಧಾರಿಗಳು. ಉಳಿದ ನೆನಪುಗಳು ಅಳಿಸಿಹೋಗುತ್ತಿರುವಾಗಲೂ ಅವಳನ್ನು ತಲುಪಲು ಅವರಿಗಿರುವ ದಾರಿ ಆ ಹುದ್ದೆಯೊಂದೇ. ಇಲ್ಲಿ ಹೊರಗಿನವನೇ ಇಲ್ಲ. ಇಡೀ ಕೃತಿಯಲ್ಲಿ ಇಷ್ಟು ಆಳಕ್ಕಿಳಿಯುವ ದೃಶ್ಯ ಮತ್ತೊಂದಿಲ್ಲ.

ನನ್ನ ವಾದಕ್ಕೆ ಒಗ್ಗದ ಪಾತ್ರ ಪಾಪಾ ಲಜರೂ. ಸರ್ಕಸ್ಸಿನ ಯಜಮಾನನಾದರೂ ಅವನ ಭಯಾನಕತೆ ಆ ವೃತ್ತಿಯಿಂದ ಬಂದದ್ದಲ್ಲ. ಅವನ ಕಪ್ಪು ಬಳಿದ ಮುಖದ ಕಾರಣಕ್ಕೆ ನೆಟ್‌ಫ್ಲಿಕ್ಸ್ 2020ರಲ್ಲಿ ಧಾರಾವಾಹಿಯನ್ನು ಕೈಬಿಟ್ಟಿತು. ಲಿಂಗ ಬದಲಾವಣೆಯ ಹಾದಿಯಲ್ಲಿರುವ ಟ್ಯಾಕ್ಸಿ ಚಾಲಕಿ ಬಾರ್ಬರಾಳಿಗೆ ಹುದ್ದೆಯಿದೆ, ಆದರೆ ಹಾಸ್ಯ ಎರಗುವುದು ಅವಳ ದೇಹದ ಮೇಲೆ. ಈ ಇಬ್ಬರ ವಿಷಯದಲ್ಲಿ ಪ್ರೇಕ್ಷಕರ ನಗು ಯಾವುದರಿಂದ ಹುಟ್ಟುತ್ತದೆಂಬ ಪ್ರಶ್ನೆಯನ್ನು ಬೇರೆಯಾಗಿಯೇ ಎತ್ತಿಕೊಳ್ಳಬೇಕಾಗಿದೆ.